ಸುತ್ತೋಲೆಯಲ್ಲಿ ಬರೆಯದ್ದು



ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಅವರ ಆಧಾರ್ ಕಾರ್ಡನ್ನು ಒಮ್ಮೆ ತೆಗೆದು ನೋಡಿ. ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಆಶ್ಚರ್ಯವೇನಿಲ್ಲ. ಅಣ್ಣನದೂ ಜೂನ್ 1, ತಮ್ಮನದೂ ಜೂನ್ 1, ಪಕ್ಕದ ಮನೆಯ ಗೌಡರದೂ ಅದೇ. ನಮ್ಮ ನಾಡಿನ ಅಷ್ಟೊಂದು ಜನ ಒಂದೇ ದಿನ ಹುಟ್ಟಿದ್ದು ಹೇಗೆ ಎಂದು ಕೇಳಬೇಡಿ. ಹುಡುಗನನ್ನು ಶಾಲೆಗೆ ಕರೆದುಕೊಂಡು ಬಂದ ಅಪ್ಪನಿಗೆ ಗೊತ್ತಿದ್ದದ್ದು ಇಷ್ಟೆ: ‘ದೊಡ್ಡ ಮಳೆ ಹುಯ್ದು ಕೆರೆ ಕೋಡಿ ಬಿತ್ತಲ್ಲ ಸ್ವಾಮಿ, ಆ ವರ್ಷ.’ ಹೆಡ್ಮೇಷ್ಟ್ರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡುತ್ತಿದ್ದರು. ಬೆರಳು ಕಿವಿಗೆ ತಾಗಿದರೆ ಓದಲು ತಕ್ಕ ವಯಸ್ಸು. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೋಗಲಿ ಎಂದು ಲೆಕ್ಕ ಹಾಕಿ, ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆದು, ಮುಂದಿನ ಹುಡುಗನನ್ನು ಕರೆಯುತ್ತಿದ್ದರು.

ಒಂದು ನಿಮಿಷದ ಕೆಲಸ. ಆದರೆ ಆ ಹುಡುಗ ಬೆಳೆದು ಸರ್ಕಾರಿ ನೌಕರಿ ಹಿಡಿದರೆ ನಿವೃತ್ತಿಯ ದಿನವನ್ನು ನಿರ್ಧರಿಸುವುದು ಅದೇ ಬರಹ. ಪ್ರತಿ ವರ್ಷ ಮೇ 31ರಂದು ನಮ್ಮ ಕಚೇರಿಗಳಲ್ಲಿ ಬೀಳ್ಕೊಡುಗೆಯ ಸುಗ್ಗಿ ನಡೆಯುತ್ತದೆ. ಹಾರ, ಶಾಲು, ಮೈಸೂರು ಪಾಕು, ಭಾಷಣ. ಅಲ್ಲಿ ಕಣ್ಣೊರೆಸಿಕೊಳ್ಳುವ ಎಷ್ಟೋ ಮಂದಿಯನ್ನು ಅಂದು ಮನೆಗೆ ಕಳಿಸುತ್ತಿರುವುದು ಐವತ್ತೈದು ವರ್ಷಗಳ ಹಿಂದಿನ ಒಬ್ಬ ಹೆಡ್ಮೇಷ್ಟ್ರ ಅಂದಾಜು.

ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕೂತವರು ದಿನವೂ ಮಾಡುವ ಇಂಥ ಅಂದಾಜುಗಳ ಬಗ್ಗೆ, ಅವರ ವಿವೇಚನೆಯ ಬಗ್ಗೆ, ಇವತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ. ಗೋಡೆಗೆಲ್ಲ ಚಿತ್ರ ಬರೆಸಿ, ಕೈತೋಟ ಮಾಡಿಸಿ, ಪ್ರಶಸ್ತಿ ಪಡೆದವರ ಕಥೆಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ, ಬರಲಿ. ನನ್ನ ಕುತೂಹಲ ಇರುವುದು ಯಾರೂ ಫೋಟೊ ತೆಗೆಯದ ತೀರ್ಮಾನಗಳ ಬಗ್ಗೆ.

ಹಳೆಯ ಹೆಡ್ಮೇಷ್ಟ್ರಿಗೆ ಇದ್ದ ಅಷ್ಟು ದೊಡ್ಡ ಅವಕಾಶ ಈಗಿನವರಿಗಿಲ್ಲ. ಅದು ಒಳ್ಳೆಯದೇ. ಈಗ ಜನನ ಪ್ರಮಾಣಪತ್ರವಿದೆ, ಆಧಾರ್ ಇದೆ, ಪ್ರತಿ ಮಗುವಿನ ಹೆಸರೂ ಎಸ್‌ಎಟಿಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಕೂತಿರುತ್ತದೆ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು 2022ರಲ್ಲಿ ಆದೇಶವಾಯಿತು. 2025-26ರಿಂದ ಜಾರಿ ಎಂದಾಗ ಪೋಷಕರು ಗಲಾಟೆ ಮಾಡಿದರು. ಯುಕೆಜಿ ಮುಗಿಸಿದವರಿಗೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರು. ಸಡಿಲಿಸಿದ್ದು ಸರ್ಕಾರ. ಮೇಜಿನಾಚೆ ನಿಂತು ‘ಹತ್ತೇ ದಿನ ಕಮ್ಮಿ ಸಾರ್, ನೀವು ಮನಸ್ಸು ಮಾಡಿದ್ರೆ ಆಗುತ್ತೆ’ ಎನ್ನುವ ತಂದೆಗೆ ಮುಖ್ಯೋಪಾಧ್ಯಾಯರು ಹೇಳಬಹುದಾದದ್ದು, ‘ನನ್ನ ಮನಸ್ಸಿನದೇನೂ ನಡೆಯೋದಿಲ್ಲಪ್ಪ, ಕಂಪ್ಯೂಟರ್ ತಗೊಳ್ಳೋದಿಲ್ಲ.’

ಹಾಗಾದರೆ ಅವರಿಗೆ ಯೋಚಿಸುವ ಕೆಲಸವೇ ಉಳಿದಿಲ್ಲವೆ? ಒಂದು ಬೆಳಗನ್ನು ಕಲ್ಪಿಸಿಕೊಳ್ಳಿ. ಬೆಂಗಳೂರಿನ ಹೊರವಲಯದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಜನವರಿ ತಿಂಗಳು. ಸುಗ್ಗಿ ಮುಗಿದು ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬ ಪಕ್ಕದ ನಿವೇಶನದಲ್ಲಿ ಶೆಡ್ಡು ಹಾಕಿಕೊಂಡಿದೆ. ತಂದೆ ಹತ್ತು ವರ್ಷದ ಹುಡುಗನನ್ನು ಕರೆತಂದು ನಿಲ್ಲಿಸಿದ್ದಾನೆ. ‘ಸರ, ಇವನ ಹೆಸರ ಹಚ್ಕೋರಿ. ಟಿ.ಸಿ. ಊರಾಗ ಐತ್ರಿ, ಹೋದಾಗ ತಂದ ಕೊಡ್ತೀನಿ.’

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಕಲಂ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಆ ಪತ್ರ ಕೊಡಲು ತಡಮಾಡಿದ ಮುಖ್ಯ ಶಿಕ್ಷಕರ ಮೇಲೆ ಶಿಸ್ತುಕ್ರಮಕ್ಕೂ ಅವಕಾಶವಿದೆ. ವಯಸ್ಸಿನ ದಾಖಲೆ ಇಲ್ಲ ಎಂದೂ ನಿರಾಕರಿಸುವಂತಿಲ್ಲ, ಅದು ಹದಿನಾಲ್ಕನೇ ಕಲಂ. ಸೇರಿಸಿಕೊಳ್ಳಬೇಕು, ಅಷ್ಟೆ. ಆದರೆ ಸೇರಿಸಿಕೊಂಡ ಕ್ಷಣದಿಂದ ಶುರುವಾಗುವ ಪ್ರಶ್ನೆಗಳಿಗೆ ಕಾಯ್ದೆಯಲ್ಲಿ ಉತ್ತರವಿಲ್ಲ. ಶಾಲೆಗೇ ಹೋಗದವರನ್ನು, ನಡುವೆ ಬಿಟ್ಟವರನ್ನು ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಬೇಕು ಎನ್ನುತ್ತದೆ ನಾಲ್ಕನೇ ಕಲಂ. ವಯಸ್ಸಿನ ಪ್ರಕಾರ ಇವನು ಐದನೇ ತರಗತಿ. ಓದಿಸಿ ನೋಡಿದರೆ ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಾನೆ. ಕಾಯ್ದೆ ‘ವಿಶೇಷ ತರಬೇತಿ’ ಎಂಬ ಎರಡು ಪದ ಕೊಟ್ಟಿದೆ. ಶಾಲೆಯಲ್ಲಿರುವುದು ನಾಲ್ಕು ಜನ ಶಿಕ್ಷಕರು. ಅವನನ್ನು ಐದನೆಯದರಲ್ಲೇ ಕೂರಿಸಿ ಬೆಳಗಿನ ಎರಡು ಪೀರಿಯಡ್ ಚಿಕ್ಕವರ ನಲಿ-ಕಲಿ ಕೊಠಡಿಗೆ ಕಳಿಸುವುದೆ? ಆರು ವರ್ಷದವರ ನಡುವೆ ಹತ್ತು ವರ್ಷದವನನ್ನು ನೆಲದ ಮೇಲೆ ಕೂರಿಸಿದರೆ ಮೂರನೇ ದಿನಕ್ಕೆ ಅವನು ಶಾಲೆಗೆ ಬರುತ್ತಾನೆಯೆ? ಅಥವಾ ‘ಚಿಕ್ಕವರಿಗೆ ಕಾರ್ಡು ಹಂಚು, ಮೇಡಂಗೆ ಸಹಾಯ ಮಾಡು’ ಎಂದು ನೆಪಮಾಡಿ ಕಳಿಸಿದರೆ ಅವನ ಮರ್ಯಾದೆಯೂ ಉಳಿದು, ಕಾರ್ಡು ಹಂಚುತ್ತಲೇ ಅಕ್ಷರವೂ ಕೈಗೆ ಬಂದೀತೆ? ಬಲ್ಲ ಮುಖ್ಯೋಪಾಧ್ಯಾಯರು ಈ ಕೊನೆಯ ದಾರಿ ಹಿಡಿಯುವುದನ್ನು ಕಂಡಿದ್ದೇನೆ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ನಲಿ-ಕಲಿ ಶುರುವಾದಾಗ ಕಾರ್ಡು ಮತ್ತು ಏಣಿಯ ಆ ಪದ್ಧತಿಯನ್ನು ಮಾಡಿದ್ದೇ ಪ್ರತಿ ಮಗು ತನ್ನ ತನ್ನ ವೇಗದಲ್ಲಿ ಹತ್ತಲಿ ಎಂದು. ಅದರ ಒಳದಾರಿಗಳು ಗೊತ್ತಿದ್ದವರಿಗೆ ಮಾತ್ರ ಇಂಥ ನೆಪ ಹೊಳೆಯುತ್ತದೆ.

ಇಲ್ಲಿ ಜಪಾನಿನ ಸೊಸಾಕು ಕೊಬಯಾಶಿ ನೆನಪಾಗುತ್ತಾರೆ. ‘ತೊತ್ತೋ-ಚಾನ್’ ಪುಸ್ತಕ ಕನ್ನಡದಲ್ಲೂ ಇದೆ, ನಿಮ್ಮಲ್ಲಿ ಹಲವರು ಓದಿರುತ್ತೀರಿ. ಒಂದು ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿ ಟೋಕಿಯೋದ ತೊಮೋಯೆ ಶಾಲೆಗೆ ಬಂದ ಮೊದಲ ದಿನ ಮುಖ್ಯೋಪಾಧ್ಯಾಯ ಕೊಬಯಾಶಿ ಅವಳ ಮಾತನ್ನು ನಾಲ್ಕು ಗಂಟೆ ಕೂತು ಕೇಳಿದರು. ನಮ್ಮ ಮುಖ್ಯೋಪಾಧ್ಯಾಯರಿಗೆ ಈ ಕಥೆ ಹೇಳಿ ನೋಡಿ, ನಕ್ಕುಬಿಡುತ್ತಾರೆ. ‘ನಾಲ್ಕು ಗಂಟೆಯೊಳಗೆ ಮಾಹಿತಿ ಸಲ್ಲಿಸಿ ಅಂತ ವಾಟ್ಸಾಪ್ ಬಂದಿದೆ ಸಾರ್, ನಾಲ್ಕು ಗಂಟೆ ಕೂತು ಎಲ್ಲಿ ಕೇಳೋದು?’ ಎನ್ನುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ನಮ್ಮ ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರ ಹುದ್ದೆಯೇ ಇಲ್ಲ. ಸೇವೆಯಲ್ಲಿ ಹಿರಿಯರಾದವರು ಪ್ರಭಾರ ಹೊತ್ತು, ತಮ್ಮ ತರಗತಿಯನ್ನೂ ನೋಡಿಕೊಂಡು, ಅಕ್ಕಿಯ ಲೆಕ್ಕವನ್ನೂ ಬರೆಯುತ್ತಾರೆ. ಹೀಗಿದ್ದೂ ಹೊಸದಾಗಿ ಬಂದ ಮಗುವನ್ನು ಮೊದಲ ದಿನ ಯಾರು ಮಾತಾಡಿಸಬೇಕು ಎಂಬುದನ್ನಾದರೂ ಅವರು ತೀರ್ಮಾನಿಸಬಹುದು. ತಮಗೆ ಬಿಡುವಿಲ್ಲದಿದ್ದರೆ, ಯಾದಗಿರಿ ಕಡೆಯ ಮಾತು ತಿಳಿಯುವ ಶಿಕ್ಷಕಿ ಇದ್ದರೆ ಅವರ ಜೊತೆ ಕೂರಿಸಬಹುದು.

ಈಗ ಒಂದು ಕಾಗದದ ವಿಷಯಕ್ಕೆ ಬರುತ್ತೇನೆ. ಅದು ಎಲ್ಲ ಶಾಲೆಗಳ ಗೋಡೆಯ ಮೇಲೂ ಇರುತ್ತದೆ, ಯಾರೂ ಓದುವುದಿಲ್ಲ. ಅದರ ಹೆಸರು ವೇಳಾಪಟ್ಟಿ. ಯಾರಿಗೆ ಯಾವ ತರಗತಿ ಎಂದು ಹಂಚುವುದು ಮುಖ್ಯೋಪಾಧ್ಯಾಯರ ಕೈಯಲ್ಲಿ ಇನ್ನೂ ಪೂರ್ತಿಯಾಗಿ ಉಳಿದಿರುವ ಕೆಲವೇ ಅಧಿಕಾರಗಳಲ್ಲಿ ಒಂದು. ಮುಖ್ಯೋಪಾಧ್ಯಾಯರ ವೃತ್ತಿಯನ್ನು ಅಳೆಯಬೇಕಾದರೆ ನಾನು ಮೊದಲು ನೋಡುವುದು ಆ ಪಟ್ಟಿಯನ್ನೇ.

ಸಾಮಾನ್ಯವಾಗಿ ಏನಾಗುತ್ತದೆ? ಚುರುಕಾದವರು, ಹಿರಿಯರು ಏಳನೇ ತರಗತಿಯನ್ನೋ ಹತ್ತನೆಯದನ್ನೋ ತೆಗೆದುಕೊಳ್ಳುತ್ತಾರೆ, ಯಾಕೆಂದರೆ ಫಲಿತಾಂಶ ಕಾಣುವುದು ಅಲ್ಲಿ. ಒಂದನೇ ತರಗತಿ ಹೊಸದಾಗಿ ಬಂದವರ ಪಾಲಿಗೆ, ಇಲ್ಲವೆ ನಿವೃತ್ತಿಗೆ ಎರಡು ವರ್ಷವಿದ್ದು ಮೊಣಕಾಲು ನೋವು ಎನ್ನುವವರ ಪಾಲಿಗೆ, ಅತಿಥಿ ಶಿಕ್ಷಕರಿದ್ದರೆ ಅವರ ಪಾಲಿಗೆ. ‘ಅ ಆ ಇ ಈ ಕಲಿಸೋಕೆ ಯಾರಾದರೂ ಆಗುತ್ತೆ’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಮನೆಯಲ್ಲಿ ಪುಸ್ತಕವೇ ಇಲ್ಲದ ಮಗುವಿಗೆ ಮೊದಲ ಬಾರಿ ಅಕ್ಷರ ಕಾಣಿಸುವುದು ಬೋಧನೆಯಲ್ಲೇ ಅತ್ಯಂತ ಕಷ್ಟದ ಕೆಲಸ ಎಂಬುದು ಅದನ್ನು ಮಾಡಿದವರಿಗಷ್ಟೇ ಗೊತ್ತು. ಹೈಸ್ಕೂಲಿಗೆ ಬಂದ ಮೇಲೂ ಸರಾಗವಾಗಿ ಓದಲಾರದ ಹುಡುಗನ ಕಥೆ ಒಂದನೇ ತರಗತಿಯ ಪೀರಿಯಡ್‌ಗಳಲ್ಲೇ ಶುರುವಾಗಿರುತ್ತದೆ. ಶಾಲೆಯ ಅತ್ಯುತ್ತಮ ಶಿಕ್ಷಕಿಯನ್ನು ಒಂದನೇ ತರಗತಿಗೆ ಹಾಕುವ ಮುಖ್ಯೋಪಾಧ್ಯಾಯರಿಗೆ ಆ ವರ್ಷ ಹೊಗಳಿಕೆ ಸಿಗುವುದಿಲ್ಲ, ಮರುವರ್ಷವೂ ಸಿಗುವುದಿಲ್ಲ. ಆ ಶಿಕ್ಷಕಿಯೇ ಮುನಿಸಿಕೊಳ್ಳಬಹುದು, ಕೆಳಕ್ಕೆ ತಳ್ಳಿದರು ಎಂದು. ಮಕ್ಕಳು ಚೆನ್ನಾಗಿ ಓದತೊಡಗುವ ಹೊತ್ತಿಗೆ ಮುಖ್ಯೋಪಾಧ್ಯಾಯರಿಗೆ ವರ್ಗಾವಣೆಯಾಗಿರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಜೂನ್ ತಿಂಗಳಲ್ಲಿ ಹಾಗೆ ಪಟ್ಟಿ ಬರೆಯುವವರು ಇದ್ದಾರೆ. ಅಂಥ ಶಾಲೆಗಳು ಹೊರಗಿನಿಂದ ನೋಡಲು ಸಾಧಾರಣವಾಗಿಯೇ ಇರುತ್ತವೆ.

ಇದೇ ವಿವೇಚನೆ ಅಡ್ಡದಾರಿ ಹಿಡಿಯುವುದೂ ಫಲಿತಾಂಶದ ಹೆಸರಿನಲ್ಲೇ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಬರಲೇಬೇಕೆಂಬ ಹಟಕ್ಕೆ ಬಿದ್ದ ಕಡೆ, ಒಂಬತ್ತನೇ ತರಗತಿ ಮುಗಿಯುತ್ತಿದ್ದಂತೆ ಹಿಂದುಳಿದ ಹುಡುಗನ ತಂದೆಯನ್ನು ಕರೆಸಿ, ‘ಇಲ್ಲಿ ಅವನಿಗೆ ಕಷ್ಟವಾಗುತ್ತೆ, ಬೇರೆ ಶಾಲೆ ನೋಡಿ’ ಎಂದು ಸಮಾಧಾನದ ದನಿಯಲ್ಲೇ ಟಿ.ಸಿ. ಕೈಗಿಡುತ್ತಾರೆ. ಕೆಲವು ಕಡೆ ಹಾಜರಾತಿ ಶೇಕಡ 75 ಮುಟ್ಟಬೇಕು ಎಂಬ ನಿಯಮವನ್ನು ಒಬ್ಬನಿಗೆ ಸಡಿಲವಾಗಿ, ಇನ್ನೊಬ್ಬನಿಗೆ ಬಿಗಿಯಾಗಿ ಹಿಡಿಯುತ್ತಾರೆ. ಜ್ವರವೋ ಹೊಲದ ಕೆಲಸವೋ ಕಾರಣವಾಗಿ ದಿನ ತಪ್ಪಿಸಿಕೊಂಡವನು, ಪಾಸಾಗುವ ಹುಡುಗನಾದರೆ ಒಂದು ನ್ಯಾಯ, ನಪಾಸಾಗುವ ಹುಡುಗನಾದರೆ ಇನ್ನೊಂದು. ಇದಕ್ಕೂ ‘ವೃತ್ತಿಪರ ತೀರ್ಮಾನ’ ಎಂದೇ ಹೆಸರು ಕೊಡುತ್ತಾರೆ. ನನ್ನ ಮಟ್ಟಿಗೆ ಇದನ್ನು ಪರೀಕ್ಷಿಸುವ ಬಗೆ ಸುಲಭ: ತೀರ್ಮಾನಕ್ಕೆ ಕೊಟ್ಟ ಕಾರಣವನ್ನು ಆ ಹುಡುಗನ ತಾಯಿಯ ಎದುರು, ಇನ್ನೊಬ್ಬ ಹುಡುಗನ ಹೆಸರನ್ನೂ ಸೇರಿಸಿ, ಜೋರಾಗಿ ಹೇಳಲು ಆಗುತ್ತದೆಯೆ? ಆಗದಿದ್ದರೆ ಅದು ವಶೀಲಿ, ಇಲ್ಲವೆ ವ್ಯಾಪಾರ.

ಇನ್ನು ಮಳೆಗಾಲದ ತೀರ್ಮಾನಗಳನ್ನು ನೋಡಲು ಮಲೆನಾಡಿಗೆ, ಕರಾವಳಿಗೆ ಹೋಗೋಣ. ಜುಲೈ ತಿಂಗಳ ಒಂದು ಬೆಳಗ್ಗೆ, ಆರೂವರೆ. ರಾತ್ರಿಯಿಡೀ ಸುರಿದ ಮಳೆ ಇನ್ನೂ ಬಿಟ್ಟಿಲ್ಲ. ಜಿಲ್ಲಾಧಿಕಾರಿಗಳು ರಜೆ ಘೋಷಿಸಿದರೆ ಪ್ರಶ್ನೆಯಿಲ್ಲ. ಆದರೆ ಎಷ್ಟೋ ಸಲ ಜಿಲ್ಲೆಗೆಲ್ಲ ರಜೆ ಇರುವುದಿಲ್ಲ. ಆಯಾ ಊರಿನ ಪರಿಸ್ಥಿತಿ ನೋಡಿ ತೀರ್ಮಾನಿಸಲು ಕೆಳಗಿನವರಿಗೆ ಬಿಟ್ಟಿರುತ್ತಾರೆ. ಆಗ ತಾಲ್ಲೂಕು ಕಚೇರಿಯಲ್ಲಿ ಕೂತವರಿಗೆ ತಿಳಿಯುವುದು ಎಷ್ಟು ಮಿಲಿಮೀಟರ್ ಮಳೆ ಎಂಬ ಅಂಕಿ. ಮುಖ್ಯೋಪಾಧ್ಯಾಯರಿಗೆ ಗೊತ್ತಿರಬೇಕಾದದ್ದು ಬೇರೆ. ಯಾವ ಕೇರಿಯ ಮಕ್ಕಳು ಹಳ್ಳ ದಾಟಿ ಬರುತ್ತಾರೆ, ಆ ಹಳ್ಳದ ಮೇಲಿರುವುದು ಸೇತುವೆಯೋ ಅಡಿಕೆ ಮರದ ಕಾಲುಸಂಕವೋ, ಸಂಕಕ್ಕೆ ಹಿಡಿ ಇದೆಯೋ ಇಲ್ಲವೋ, ಬೆಳಗ್ಗೆ ದಾಟಿದ ಹಳ್ಳ ಸಂಜೆ ನಾಲ್ಕಕ್ಕೆ ದಾಟಲು ಬಿಡುತ್ತದೆಯೋ. ಈ ಕೊನೆಯದು ಮುಖ್ಯ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಎರಡನೇ ತರಗತಿಯ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಬಿದ್ದು ನೀರುಪಾಲಾದದ್ದು ಶಾಲೆಯಿಂದ ಮನೆಗೆ ಮರಳುವಾಗ.

ಅದಕ್ಕೇ ಮಳೆಗಾಲದ ಮುಖ್ಯೋಪಾಧ್ಯಾಯರ ಕಣ್ಣು ಮಧ್ಯಾಹ್ನದ ಮೇಲೆ ಆಕಾಶದಲ್ಲಿರುತ್ತದೆ. ಎರಡು ಗಂಟೆಗೇ ಬಿಟ್ಟುಬಿಡಬೇಕೆ? ಬಿಟ್ಟರೆ ಮನೆಯಲ್ಲಿ ಯಾರಾದರೂ ಇರುತ್ತಾರೆಯೆ, ಎಲ್ಲರೂ ತೋಟಕ್ಕೆ ಹೋಗಿರುತ್ತಾರೆಯೆ? ದಾರಿಯಲ್ಲಿ ಮಳೆ ಹಿಡಿದರೆ? ಬಿಡದೆ ಇಟ್ಟುಕೊಂಡರೆ ಎಷ್ಟು ಹೊತ್ತು, ಯಾರ ಜೊತೆ? ದೊಡ್ಡ ಹುಡುಗರನ್ನು ಚಿಕ್ಕವರಿಗೆ ಜೊತೆ ಮಾಡಿ ಕಳಿಸುವುದು ಹಳೆಯ ಕ್ರಮ. ಹದಿಮೂರರ ಹುಡುಗನ ಹೆಗಲ ಮೇಲೆ ಆ ಭಾರ ಹೊರಿಸುವುದು ಸರಿಯೆ ಎಂದೂ ಕೇಳಿಕೊಳ್ಳಬೇಕು. ಕೆಲವರು ಮೇ ಕೊನೆಯಲ್ಲೇ ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆ ಕರೆದು ಒಂದು ಪಟ್ಟಿ ಮಾಡಿಟ್ಟುಕೊಳ್ಳುತ್ತಾರೆ: ಹಳ್ಳ ದಾಟುವ ಮಕ್ಕಳ ಹೆಸರು, ಪ್ರತಿಯೊಬ್ಬರ ಮನೆಯ ಫೋನು, ಫೋನು ಸಿಗದಿದ್ದರೆ ಹಳ್ಳದ ಈಚೆ ಮಗುವನ್ನು ಇಟ್ಟುಕೊಳ್ಳಲು ಒಪ್ಪಿದ ಮನೆ. ಮೇ ತಿಂಗಳ ಬಿಸಿಲಿನಲ್ಲಿ ಆ ಪಟ್ಟಿ ಮಾಡಿಟ್ಟವರಿಗೆ ಜುಲೈನಲ್ಲಿ ತೀರ್ಮಾನ ಸುಲಭ. ತಕ್ಷಣಕ್ಕೆ ಹೊಳೆದಂತೆ ಕಾಣುವ ಎಷ್ಟೋ ಒಳ್ಳೆಯ ನಿರ್ಧಾರಗಳ ತಯಾರಿ ಹೀಗೆ ಎರಡು ತಿಂಗಳ ಹಿಂದೆ ನಡೆದಿರುತ್ತದೆ.

ಹೀಗೆ ಕಳೆದುಹೋದ ದಿನಗಳ ಲೆಕ್ಕ ಮತ್ತೆ ಮುಖ್ಯೋಪಾಧ್ಯಾಯರ ತಲೆಗೇ ಬರುತ್ತದೆ. ಐದನೇ ತರಗತಿಯವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆಯಬೇಕು. ಮಳೆಯ ರಜೆಗೆ ಶನಿವಾರ ಮಧ್ಯಾಹ್ನಗಳು ಹೋಗುತ್ತವೆ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಗಣತಿದಾರರಾಗಿ ಮನೆಮನೆ ತಿರುಗಿದರು, ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಮರಳಿ ಬಂದಾಗ ಪಾಠಗಳು ಅಷ್ಟೇ ಇವೆ, ದಿನಗಳು ಕಮ್ಮಿ. ‘ವಿಶೇಷ ತರಗತಿ ತೆಗೆದುಕೊಂಡು ಸರಿದೂಗಿಸಿ’ ಎಂದು ಹೇಳುವುದು ಸುಲಭ. ಅದಕ್ಕಿಂತ ಕಷ್ಟದ ಕೆಲಸವೆಂದರೆ ಶಿಕ್ಷಕರನ್ನು ಕೂರಿಸಿಕೊಂಡು ಯಾವ ಪಾಠವನ್ನು ನಿಧಾನವಾಗಿ ಮಾಡಬೇಕು, ಯಾವುದನ್ನು ಮುಟ್ಟಿ ಮುಂದೆ ಹೋಗಬಹುದು ಎಂದು ನಿರ್ಧರಿಸುವುದು. ಭಿನ್ನರಾಶಿ ಬಿಟ್ಟರೆ ಮುಂದೆ ಮೂರು ವರ್ಷ ಕಾಡುತ್ತದೆ. ಪರಿಸರ ಅಧ್ಯಯನದ ಕೆಲವು ಪಾಠಗಳನ್ನು ಮಕ್ಕಳು ತಾವೇ ಓದಿ ಬಂದಾರು. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಎಲ್ಲರಿಗೂ ಇಲ್ಲ. ಕಾಗದದ ಮೇಲೆ ಎಲ್ಲ ಪಾಠವೂ ‘ಪೂರ್ಣ’.

ಅಡುಗೆಮನೆಯ ಕಡೆ ಬರೋಣ. ಅಕ್ಷರ ದಾಸೋಹ, ಅಂದರೆ ಬಿಸಿಯೂಟ, ನಮ್ಮಲ್ಲಿ 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಿಂದ ಶುರುವಾಯಿತು. ಐದನೇ ತರಗತಿವರೆಗಿನ ಮಗುವಿಗೆ 100 ಗ್ರಾಂ ಧಾನ್ಯ, ಮೇಲಿನವರಿಗೆ 150 ಗ್ರಾಂ. ತೊಗರಿಬೇಳೆ, ತರಕಾರಿ, ಎಣ್ಣೆ ಎಲ್ಲಕ್ಕೂ ತೂಕ ಉಂಟು. ಮೊಟ್ಟೆ ಯಾರಿಗೆ, ಬಾಳೆಹಣ್ಣು ಯಾರಿಗೆ ಎಂಬುದಕ್ಕೂ ಪಟ್ಟಿ ಉಂಟು. ಬಡಿಸುವ ಮೊದಲು ದೊಡ್ಡವರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕೆಂಬ ನಿಯಮವೂ ಇದೆ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆಯೊಳಗೆ ಕೀಟನಾಶಕ ಸೇರಿತ್ತು. ಎಣ್ಣೆ ಯಾಕೋ ಸರಿಯಿಲ್ಲ ಎಂದು ಅಡುಗೆಯಾಕೆ ಹೇಳಿದ್ದರೂ ಮುಖ್ಯ ಶಿಕ್ಷಕಿ ಕಿವಿಗೆ ಹಾಕಿಕೊಳ್ಳಲಿಲ್ಲವೆಂದು ಆಗ ವರದಿಯಾಗಿತ್ತು. 2016ರಲ್ಲಿ ನ್ಯಾಯಾಲಯ ಆ ಮುಖ್ಯ ಶಿಕ್ಷಕಿಗೆ ಜೈಲು ಶಿಕ್ಷೆ ವಿಧಿಸಿತು.

ಆ ದುರಂತದ ನಂತರ ರುಚಿ ಪುಸ್ತಕದ ಸಹಿಗಳು ಹೆಚ್ಚಿದವು. ಹೆಚ್ಚಬೇಕಾದದ್ದೇ. ನನ್ನ ಮನಸ್ಸು ನಿಲ್ಲುವುದು ಮಾತ್ರ ಆ ಅಡುಗೆಯಾಕೆಯ ಮಾತಿನ ಮೇಲೆ. ಶಾಲೆಯಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವಳು, ಹೆಚ್ಚು ಓದದವಳು, ಒಂದು ಅನುಮಾನ ಹೇಳಿದಾಗ ಅದು ಕೋಣೆಯೊಳಗೆ ಕೂತವರಿಗೆ ಮಾತಾಗಿ ಕೇಳುತ್ತದೆಯೆ? ‘ಬೇಳೆಗೆ ಹುಳ ಬಂದೈತೆ ಸಾರ್’ ಎಂದಾಗ ‘ತೊಳೆದು ಹಾಕಮ್ಮ’ ಎನ್ನುವ ಮುಖ್ಯೋಪಾಧ್ಯಾಯರೂ, ಎದ್ದು ಹೋಗಿ ಚೀಲ ಬಿಚ್ಚಿ ನೋಡುವ ಮುಖ್ಯೋಪಾಧ್ಯಾಯರೂ ಒಂದೇ ಪುಸ್ತಕದಲ್ಲಿ ಒಂದೇ ರೀತಿ ಸಹಿ ಹಾಕಿರುತ್ತಾರೆ. ಯಾರ ಮಾತನ್ನು ಮಾತೆಂದು ಎಣಿಸಬೇಕು ಎಂಬುದು ವಿವೇಚನೆಯ ದೊಡ್ಡ ಪಾಲು. ಅಡುಗೆಯವರು, ನೀರು ಬಿಡುವವರು, ಆಟೋ ಚಾಲಕ, ಎದುರಿನ ಅಂಗಡಿಯ ಅಜ್ಜಿ, ಇವರ ಬಾಯಿಂದ ಬರುವ ಸುದ್ದಿ ಇಲಾಖೆಯ ಯಾವ ನಮೂನೆಯಲ್ಲೂ ಸಿಗುವುದಿಲ್ಲ.

ಯೋಚಿಸಿ ತೀರ್ಮಾನಿಸುತ್ತೇನೆ ಎಂದು ಹೇಳಲೇಬಾರದ ಜಾಗಗಳೂ ಇವೆ, ಅದನ್ನು ಬಿಟ್ಟು ಮುಂದೆ ಹೋಗಲಾರೆ. ಹುಡುಗಿಯೊಬ್ಬಳು ಅಳುತ್ತ ಬಂದು ಯಾರೋ ಮೈಮುಟ್ಟಿದರು ಎಂದಳು ಎನ್ನಿ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅದನ್ನು ತಿಳಿಸಲೇಬೇಕು. ತಿಳಿಸದಿದ್ದರೆ ಶಿಕ್ಷೆಯಿದೆ; ತನ್ನ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆಮನೆ. ‘ಶಾಲೆಯ ಹೆಸರು ಹಾಳಾಗುತ್ತೆ’, ‘ಹುಡುಗಿಯ ಮದುವೆಗೆ ತೊಂದರೆಯಾಗುತ್ತೆ’, ‘ಆ ಮೇಷ್ಟ್ರಿಗೂ ಹೆಂಡತಿ ಮಕ್ಕಳಿದ್ದಾರೆ’ ಎಂದು ಊರಿನ ಹಿರಿಯರು ಬಂದು ಕೂರುತ್ತಾರೆ. ಅವರಿಗೆ ಕಾಫಿ ಕೊಟ್ಟು ಕಳಿಸಬಹುದು, ಅವರ ಮಾತು ಕೇಳುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಇಲ್ಲವೆ ಪೊಲೀಸರಿಗೆ ಫೋನು ಹೋಗಲೇಬೇಕು. ಬುದ್ಧಿ ಓಡಿಸಬೇಕಾದದ್ದು ಇತರ ವಿಷಯಗಳಲ್ಲಿ: ಫೋನು ಮಾಡುವ ತನಕ ಹುಡುಗಿ ಯಾರ ಹತ್ತಿರ ಕೂತಿರಬೇಕು, ತಾಯಿಗೆ ಯಾರು ಹೇಳಬೇಕು, ನಡೆದದ್ದನ್ನು ಅವಳು ಮತ್ತೆ ಮತ್ತೆ ಹೇಳಬೇಕಾಗದಂತೆ ಹೇಗೆ ನೋಡಿಕೊಳ್ಳಬೇಕು, ಮರುದಿನ ತರಗತಿಯಲ್ಲಿ ಪಿಸುಮಾತು ಹುಟ್ಟದಂತೆ ಏನು ಮಾಡಬೇಕು.

ಹೊಡೆಯುವ ವಿಷಯವೂ ಹಾಗೆಯೇ. ‘ನಾಲ್ಕು ಬಾರಿಸಿ ಸಾರ್, ನಾವೇನೂ ಕೇಳಲ್ಲ’ ಎಂದು ಅಪ್ಪನೇ ಬಂದು ಅನುಮತಿ ಕೊಡುತ್ತಾನೆ. ಮಗುವಿನ ಮೈಯ ಮೇಲೆ ಕೈ ಮಾಡಲು ಅನುಮತಿ ಕೊಡುವ ಅಧಿಕಾರ ಅಪ್ಪನಿಗೂ ಇಲ್ಲ. ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ ಹದಿನೇಳನೇ ಕಲಂ ನಿಷೇಧಿಸಿದೆ.

ಶಿಕ್ಷಕರ ವಿಷಯ ಹೇಳಿ ಮುಗಿಸುತ್ತೇನೆ. ಪ್ರಾರ್ಥನೆ ಮುಗಿದ ಮೇಲೆ ಬರುವ ಶಿಕ್ಷಕಿ. ಊರಿಗಿರುವುದು ಒಂದೇ ಬಸ್ಸು, ಅದು ಬರುವುದು ತಡ. ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದರೆ ನಿಯಮ ಪಾಲನೆಯಾಯಿತು. ನೋಡಿಯೂ ನೋಡದಂತಿದ್ದರೆ ಬೈಕಿನಲ್ಲಿ ಸಮಯಕ್ಕೆ ಬರುವ ಇನ್ನೊಬ್ಬರು ನಾಳೆಯಿಂದ ನಿಧಾನವಾಗುತ್ತಾರೆ. ಆ ಶಿಕ್ಷಕಿಯ ಮೊದಲ ಪೀರಿಯಡ್ ಖಾಲಿ ಇಟ್ಟು, ಬದಲಿಗೆ ಕೊನೆಯ ಪೀರಿಯಡ್ ಕೊಟ್ಟು, ಸಂಜೆಯ ಓದಿನ ಗಂಟೆ ಅವರೇ ನಡೆಸಲಿ ಎಂದು ಹೊಂದಿಸಿದರೆ ಮಕ್ಕಳಿಗೆ ನಷ್ಟವಿಲ್ಲ. ಇದನ್ನು ಮಾಡುವವರು ಬಹಳ ಮಂದಿ. ಇದನ್ನು ಬರೆದಿಡುವವರು ತೀರಾ ಕಡಿಮೆ. ಯಾಕೆ ಎಂದು ಕೇಳಿದರೆ ‘ಬರೆದರೆ ಸಿಕ್ಕಿಹಾಕಿಕೊಳ್ಳುತ್ತೇವೆ’ ಎನ್ನುತ್ತಾರೆ. ಬಾಯಿಮಾತಿನಲ್ಲಿ ನಡೆಯುವ ಒಪ್ಪಂದ ಯಾರಿಗೂ ಕಾಣದು, ಯಾರೂ ಕೇಳರು.

ನನ್ನ ಭಿನ್ನಾಭಿಪ್ರಾಯ ಇರುವುದು ಇಲ್ಲೇ. ಮೈಕೇಲ್ ಲಿಪ್ಸ್ಕಿ ಎಂಬ ಅಮೆರಿಕದ ವಿದ್ವಾಂಸರು 1980ರಲ್ಲಿ ಒಂದು ಪುಸ್ತಕ ಬರೆದರು. ಸರ್ಕಾರದ ನೀತಿ ನಿಜವಾಗಿ ರೂಪುಗೊಳ್ಳುವುದು ರಾಜಧಾನಿಯಲ್ಲಿ ಅಲ್ಲ, ಜನರ ಎದುರು ಕೂತ ಶಿಕ್ಷಕ, ಪೊಲೀಸ್ ಪೇದೆ, ಕಲ್ಯಾಣ ಇಲಾಖೆಯ ಗುಮಾಸ್ತ ಇಂಥವರ ಕೈಯಲ್ಲಿ ಎಂದು ಅವರು ವಾದಿಸಿದರು. ಅವಕಾಶ ಇಲ್ಲದಂತೆ ಮಾಡಿದರೂ ಇಂಥ ನೌಕರರು ತೀರ್ಮಾನ ಮಾಡಿಯೇ ಮಾಡುತ್ತಾರೆ, ಯಾಕೆಂದರೆ ಎದುರಿಗೆ ನಿಂತ ಮನುಷ್ಯ ಯಾವ ನಮೂನೆಗೂ ಸರಿಯಾಗಿ ಹೊಂದುವುದಿಲ್ಲ. ಹಾಗಿರುವಾಗ ನಮ್ಮ ಮುಖ್ಯೋಪಾಧ್ಯಾಯರು ತೀರ್ಮಾನಗಳನ್ನು ಕಳ್ಳತನದಂತೆ ಮಾಡಬೇಕಾದ ಪರಿಸ್ಥಿತಿ ಯಾಕಿರಬೇಕು? ಆ ಹತ್ತು ವರ್ಷದ ಹುಡುಗನನ್ನು ಬೆಳಗ್ಗೆ ನಲಿ-ಕಲಿಗೆ ಕಳಿಸಿದ್ದಕ್ಕೆ, ಆ ಶಿಕ್ಷಕಿಯ ಪೀರಿಯಡ್ ಬದಲಿಸಿದ್ದಕ್ಕೆ, ಎರಡು ಗಂಟೆಗೇ ಶಾಲೆ ಬಿಟ್ಟದ್ದಕ್ಕೆ, ತಾರೀಖು ಹಾಕಿ ಎರಡು ಸಾಲು ಕಾರಣ ಬರೆದಿಟ್ಟರೆ ಏನಾಗಬೇಕು? ತಪಾಸಣೆಗೆ ಬಂದವರು ಅದನ್ನು ಓದಿ, ‘ಹೀಗೆ ಯಾಕೆ ಮಾಡಿದಿರಿ’ ಎನ್ನುವ ಬದಲು, ‘ಆಮೇಲೆ ಏನಾಯಿತು’ ಎಂದು ಕೇಳಬೇಕು. ಅಲ್ಲಿಗೆ ಅರ್ಧ ಹೆದರಿಕೆ ಹೋಗುತ್ತದೆ. ವಶೀಲಿಗೆ ಮಣಿದವರಿಗೆ ಮಾತ್ರ ಆ ಎರಡು ಸಾಲು ಬರೆಯುವುದು ಕಷ್ಟ. ಹೆದರಿಕೆ ಇರಬೇಕಾದದ್ದು ಅವರಿಗೆ.

ಇದಕ್ಕೆ ಹೊಸ ಯೋಜನೆ, ಹೊಸ ಆ್ಯಪ್ ಏನೂ ಬೇಡ. ಕ್ಲಸ್ಟರ್ ಮಟ್ಟದಲ್ಲಿ ಸಮಾಲೋಚನಾ ಸಭೆ ಎಂಬುದು ಈಗಾಗಲೇ ಇದೆ. ಸುತ್ತಲಿನ ಶಾಲೆಗಳವರು ಸೇರುತ್ತಾರೆ, ಸಿಆರ್‌ಪಿ ಎಂಬ ಸಂಪನ್ಮೂಲ ವ್ಯಕ್ತಿ ಬರುತ್ತಾರೆ, ಬಾಕಿ ಮಾಹಿತಿಗಳ ಪಟ್ಟಿ ಓದುತ್ತಾರೆ, ಚಹಾ ಕುಡಿದು ಏಳುತ್ತಾರೆ. ಆ ಪಟ್ಟಿಯನ್ನು ಹೇಗಿದ್ದರೂ ವಾಟ್ಸಾಪಿನಲ್ಲಿ ಹಾಕಿರುತ್ತಾರಲ್ಲ, ಮತ್ತೆ ಓದುವುದೇಕೆ? ಆ ಅರ್ಧ ಗಂಟೆಯಲ್ಲಿ ಒಬ್ಬ ಮುಖ್ಯೋಪಾಧ್ಯಾಯರು ತಮ್ಮ ಶಾಲೆಯ ಒಂದು ತೀರ್ಮಾನವನ್ನು, ಮಗುವಿನ ಹೆಸರು ಹೇಳದೆ, ಎದುರಿಗಿಡಲಿ. ಉಳಿದವರು ತಾವಾಗಿದ್ದರೆ ಏನು ಮಾಡುತ್ತಿದ್ದರು ಎಂದು ಹೇಳಲಿ. ಪ್ರಭಾರಿಯಾಗಿ ಕಳೆದ ವಾರವಷ್ಟೇ ಬೀಗದ ಕೈ ಪಡೆದವರು, ಏನೂ ಹೇಳದಿದ್ದರೂ ಸರಿ, ಮೂಲೆಯಲ್ಲಿ ಕೂತು ಕೇಳಲಿ. ಮುಂದಿನ ತಿಂಗಳು ಅವರ ಸರದಿ.